ಎರಡನೇ ಗಾಜು: ಬ್ಯಾಡರಹಳ್ಳಿಯ ನಿದ್ದೆಗೆ ಯಾರು ಹೊಣೆ?

ನಾವು ನಾಲ್ಕು ಜನ ಬ್ಯಾಡರಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದು ಎರಡು ವರ್ಷವಾಯಿತು. ಮಾಗಡಿ ರಸ್ತೆಗೆ ಮುಖ ಮಾಡಿದ ಕಟ್ಟಡ. ಕೆಳಗೆ ಅಂಗಡಿ, ಮೊದಲ ಮಹಡಿಯಲ್ಲಿ ಮನೆ ಯಜಮಾನರು, ಎರಡನೆಯದರಲ್ಲಿ ನಾವು. ನಾಲ್ವರೂ ಹಳ್ಳಿಯಿಂದ ಬಂದವರು, ಓದಿದ್ದು ಗ್ರಾಮೀಣ ಪತ್ರಿಕೋದ್ಯಮ. ನಮ್ಮಲ್ಲೊಬ್ಬನಿಗೆ ರಾತ್ರಿ ಪಾಳಿ. ಪುಟ ಕಳಿಸಿ ಬೆಳಗಿನ ಜಾವ ಮೂರಕ್ಕೆ ಮನೆಗೆ ಬರುತ್ತಾನೆ. ಮಲಗುವ ಹೊತ್ತಿಗೆ ಮಾಗಡಿ ಕಡೆಯಿಂದ ಜಲ್ಲಿ, ಎಂ-ಸ್ಯಾಂಡ್ ಲಾರಿಗಳು ಸಾಲುಗಟ್ಟುತ್ತವೆ. ಐದಕ್ಕೆ ಬಸ್ಸು, ಆರಕ್ಕೆ ಹಾಲಿನ ಟೆಂಪೊ, ಏಳಕ್ಕೆ ಗಾರ್ಮೆಂಟ್ಸ್ ವ್ಯಾನುಗಳ ಹಾರನ್ನು. ಅವನು ನಿದ್ದೆ ಮಾಡಿದ್ದೇವೆ ಎಂದು ಹೇಳಿಕೊಳ್ಳುವುದು ಕಣ್ಣು ಮುಚ್ಚಿಕೊಂಡು ಬಿದ್ದಿರುವುದಕ್ಕೆ.

ಕಳೆದ ಬೇಸಿಗೆಯಲ್ಲಿ ನಾವು ಕಿಟಕಿಗೆ ಎರಡನೇ ಗಾಜು ಹಾಕಿಸಲು ಹೊರಟೆವು. ಇರುವ ಕಿಟಕಿಯನ್ನು ಕೀಳದೆ, ಅದರ ಒಳಗಡೆ ಇನ್ನೊಂದು ಚೌಕಟ್ಟು ಕೂರಿಸಿ ಇನ್ನೊಂದು ಗಾಜು ಹಾಕುವುದು. ಚಳಿ ದೇಶಗಳಲ್ಲಿ ಇದು ಹಳೆಯ ಪದ್ಧತಿ. ನಮ್ಮ ಕಡೆ ಈಗೀಗ ಯುಪಿವಿಸಿ ಕಿಟಕಿ ಮಾರುವವರ ಬಾಯಲ್ಲಿ ಕೇಳಿಬರುತ್ತಿದೆ. ಈ ಕೆಲಸದಲ್ಲಿ ನಾವು ಒಂದಷ್ಟು ದುಡ್ಡು ಕಳೆದುಕೊಂಡೆವು, ಒಂದಷ್ಟು ಕಲಿತೆವು. ಕಲಿತದ್ದರಲ್ಲಿ ಮುಖ್ಯವಾದದ್ದು ಗಾಜಿನ ವಿಷಯವೇ ಆಗಿರಲಿಲ್ಲ. ನಮ್ಮ ರಸ್ತೆಯಲ್ಲಿ ಇನ್ನೇನು ಮೆಟ್ರೊ ಕಂಬಗಳು ಏಳಲಿವೆ. ಅದಕ್ಕೂ ಮೊದಲೇ ಈ ಮಾತು ಹೇಳಿಬಿಡಬೇಕು ಎನ್ನಿಸಿ ಬರೆಯುತ್ತಿದ್ದೇವೆ.

ಮೊದಲು ಆದ ಎಡವಟ್ಟು

ಮನೆ ಯಜಮಾನಮ್ಮನ ಒಪ್ಪಿಗೆ ಪಡೆಯುವುದೇ ಮೊದಲ ಕೆಲಸವಾಗಿತ್ತು. "ಏನ್ರಪ್ಪ, ಇರೋ ಕಿಟಕಿಗೆ ಏನಾಗೈತೆ? ನೀವು ನಾಳೆ ಬಿಟ್ಟೋಗ್ತೀರ. ಆಮೇಲೆ ಗೋಡೆಗೆ ಹೊಡೆದ ತೂತು ಯಾರು ಮುಚ್ಚೋದು?" ಅಂದರು. ನಾವು, "ಅಮ್ಮ, ಖರ್ಚು ನಮ್ದೇ. ಬಿಟ್ಟು ಹೋಗುವಾಗ ಗಾಜು ಇಲ್ಲೇ ಇರುತ್ತೆ," ಅಂದ ಮೇಲೆ ಒಂದು ಕಿಟಕಿಗೆ ಮಾತ್ರ ಹೂಂ ಅಂದರು.

ಬಂದ ಮೇಸ್ತ್ರಿ ಹಳೆಯ ಮರದ ಕಿಟಕಿಗೆ ಅಂಟಿದಂತೆ, ಬರೀ ಒಂದಿಂಚು ಅಂತರದಲ್ಲಿ, 4 ಎಂಎಂ ಗಾಜಿನ ಸ್ಲೈಡಿಂಗ್ ಚೌಕಟ್ಟು ಕೂರಿಸಿ ಹೋದ. "ಸದ್ದೂ ಬರಲ್ಲ ಸಾರ್, ಸೆಕೆನೂ ಬರಲ್ಲ" ಎಂದು ಹೇಳಿಯೂ ಹೋದ. ಅವತ್ತು ರಾತ್ರಿ ಲಾರಿಯ ಸದ್ದು ಹಿಂದಿನ ದಿನದಷ್ಟೇ ಬಂತು. ಸಿಟ್ಟು ಬಂದದ್ದು ಆಮೇಲೆ. ಮೊದಲು ಬಂದದ್ದು ಅನುಮಾನ, ನಮ್ಮ ಕಿವಿಯ ಮೇಲೆ.

ಆಮೇಲೆ ಕೂತು ಓದಿದೆವು. ಸದ್ದು ನೀರಿನ ಹಾಗೆ. ತಡೆಗೋಡೆ ಎಷ್ಟು ದಪ್ಪ ಅನ್ನುವುದಕ್ಕಿಂತ ಮೊದಲು ಅದರಲ್ಲಿ ತೂತು ಎಷ್ಟಿದೆ ಎಂದು ನೋಡುತ್ತದೆ. ನಮ್ಮದು ನಾಲ್ಕಡಿಗೆ ನಾಲ್ಕಡಿ ಕಿಟಕಿ. ಬಾಗಿಲಿನ ಸುತ್ತ ಮೂರು ಎಂಎಂ ಸಂದು ಇದ್ದರೆ ಅದು ಕಿಟಕಿಯ ಒಟ್ಟು ವಿಸ್ತೀರ್ಣದ ಶೇ 1ರಷ್ಟಾಗುತ್ತದೆ. ಅಷ್ಟು ಸಂದು ಸಾಕು, ನೀವು ಎಷ್ಟೇ ದಪ್ಪ ಗಾಜು ಹಾಕಿ, ಆ ಕಿಟಕಿ 20 ಡೆಸಿಬಲ್‌ಗಿಂತ ಹೆಚ್ಚು ಸದ್ದು ತಡೆಯಲಾರದು. ನಮ್ಮ ಮರದ ಬಾಗಿಲುಗಳೋ, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗಿ ಮೂರು ಎಂಎಂ ಅಲ್ಲ, ಪೆನ್ಸಿಲ್ ತೂರುವಷ್ಟು ಬಾಯಿ ಬಿಟ್ಟಿದ್ದವು. ಮೇಲ್ಗಡೆ ವೆಂಟಿಲೇಟರಿನ ಜಾಲರಿಯಂತೂ ಪೂರ್ತಿ ತೆರೆದೇ ಇತ್ತು.

ಎರಡನೆಯ ಪಾಠ, ಎರಡು ಗಾಜಿನ ನಡುವಿನ ಅಂತರ. ಶಾಖ ತಡೆಯಬೇಕಾದರೆ ಮುಕ್ಕಾಲು ಇಂಚು ಸಾಕು. ಸದ್ದು ತಡೆಯಬೇಕಾದರೆ ಕನಿಷ್ಠ ನಾಲ್ಕಿಂಚು, ಅಂದರೆ 100 ಎಂಎಂ ಬೇಕು. ಅಂತರ ಕಮ್ಮಿಯಾದರೆ ನಡುವಿನ ಗಾಳಿ ಸ್ಪ್ರಿಂಗಿನಂತೆ ಕೆಲಸ ಮಾಡಿ ಹೊರಗಿನ ಗಾಜಿನ ನಡುಕವನ್ನು ಒಳಗಿನ ಗಾಜಿಗೆ ದಾಟಿಸುತ್ತದೆ. ಲಾರಿಯ ಗುಡುಗಿನಂಥ ತಗ್ಗು ಸ್ವರಕ್ಕೆ ಇದು ಇನ್ನೂ ಅನುಕೂಲ. ಎರಡು ಗಾಜುಗಳ ದಪ್ಪವೂ ಒಂದೇ ಇರಬಾರದು. ಪ್ರತಿ ದಪ್ಪಕ್ಕೂ ತಾನು ಸುಲಭವಾಗಿ ನಡುಗುವ ಒಂದು ಸ್ವರ ಇರುತ್ತದೆ. ಹೊರಗೆ 4 ಎಂಎಂ ಇದ್ದರೆ ಒಳಗೆ 6 ಎಂಎಂ ಹಾಕಿದಾಗ ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದೆ. ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇರುವ ಲ್ಯಾಮಿನೇಟೆಡ್ ಗಾಜಾದರೆ ಇನ್ನೂ ಒಳ್ಳೆಯದು, ಬೆಲೆಯೂ ಹೆಚ್ಚು.

ಇಲ್ಲಿ ಹಳೆಯ ಕಟ್ಟಡಗಳಿಗೆ ಒಂದು ಅನುಕೂಲ ಇದೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆಯಲ್ಲಿ ಮರದ ಚೌಕಟ್ಟು ಹೊರಗಡೆಗೆ ಸರಿದು ಕೂತಿದ್ದರೆ, ಒಳಗೆ ನಾಲ್ಕೈದು ಇಂಚು ಕಟ್ಟೆ ಉಳಿಯುತ್ತದೆ. ಹೂವಿನ ಕುಂಡ, ಬಾಚಣಿಗೆ, ಮೊಬೈಲ್ ಚಾರ್ಜರ್ ಇಡುವ ಜಾಗ ಅದು. ಎರಡನೇ ಗಾಜಿಗೆ ಅದಕ್ಕಿಂತ ಪ್ರಶಸ್ತ ಜಾಗ ಇಲ್ಲ. ಆದರೆ ಈಚೆಗೆ ಏಳುತ್ತಿರುವ ಬಾಡಿಗೆ ಕಟ್ಟಡಗಳಲ್ಲಿ ಆರಿಂಚಿನ ಸಿಮೆಂಟ್ ಬ್ಲಾಕ್ ಗೋಡೆ. ಐದಿಂಚಿನ ಚೌಕಟ್ಟು ಕೂರಿಸಿದ ಮೇಲೆ ಉಳಿಯುವುದು ಬರೀ ಒಂದಿಂಚು. ಅಲ್ಲಿ ಒಳಗಡೆಗೆ ಪೆಟ್ಟಿಗೆಯ ಹಾಗೆ ಚಾಚಿಕೊಂಡ ಚೌಕಟ್ಟು ಕಟ್ಟಿಸಬೇಕು.

ನಮ್ಮದು ಹಳೆಯ ಗೋಡೆ, ಪುಣ್ಯ. ಎರಡನೆಯ ಸಲ ಬೇರೆ ಮೇಸ್ತ್ರಿಯನ್ನು ಕರೆದು, ಮೊದಲು ಹಳೆಯ ಬಾಗಿಲುಗಳ ಸುತ್ತ ರಬ್ಬರ್ ಬೀಡಿಂಗ್ ಅಂಟಿಸಿ, ಚೌಕಟ್ಟು ಗೋಡೆ ಸೇರುವಲ್ಲಿ ಸಿಲಿಕಾನ್ ತುಂಬಿಸಿದೆವು. ವೆಂಟಿಲೇಟರನ್ನು ಮುಚ್ಚಿಸಿದೆವು. ಆಮೇಲೆ ಕಟ್ಟೆಯ ಒಳ ಅಂಚಿಗೆ 6 ಎಂಎಂ ಗಾಜು ಕೂರಿಸಿದೆವು. ಸ್ಲೈಡಿಂಗ್ ಬೇಡ, ಬಾಗಿಲಿನ ಹಾಗೆ ತೆರೆದು ಒತ್ತಿ ಮುಚ್ಚುವಂಥದ್ದು ಬೇಕು ಎಂದೆವು. ಸ್ಲೈಡಿಂಗ್ ಹಳಿಯಲ್ಲಿ ಇರುವುದು ಬ್ರಷ್ ಕೂದಲು. ಅದು ಧೂಳು ತಡೆಯುತ್ತದೆ, ಸದ್ದು ತಡೆಯುವುದಿಲ್ಲ. ತೆರೆಯುವಂತಿರಲೇಬೇಕು, ಇಲ್ಲದಿದ್ದರೆ ನಡುವೆ ಸೇರಿದ ಧೂಳು, ಮಳೆಗಾಲದ ತೇವ, ಸತ್ತ ಸೊಳ್ಳೆ ಅಲ್ಲೇ ಉಳಿದು ಮರಕ್ಕೆ ಬೂಷ್ಟು ಹಿಡಿಯುತ್ತದೆ.

ಕೆಲಸ ಮಾಡಿತು, ಆದರೆ

ಆ ರಾತ್ರಿ ವ್ಯತ್ಯಾಸ ಗೊತ್ತಾಯಿತು. ಹಾರನ್ನು ಎಲ್ಲೋ ದೂರದ ಬೀದಿಯಲ್ಲಿ ಹೊಡೆದಂತೆ ಕೇಳಿಸಿತು. ಬಸ್ಸಿನ ಬ್ರೇಕಿನ ಕಿರ್ರನೆ ಸದ್ದು ಪೂರ್ತಿ ಹೋಯಿತು. ಲಾರಿಯ ಗುಂಯ್ ಅನ್ನುವ ಮೊರೆತ ಮಾತ್ರ ಉಳಿಯಿತು, ಅದು ಗಾಜಿನಿಂದ ಅಷ್ಟಾಗಿ ತಡೆಯುವಂಥದ್ದೂ ಅಲ್ಲ. ರಾತ್ರಿ ಪಾಳಿಯ ಗೆಳೆಯ ಬೆಳಿಗ್ಗೆ ಮೂರೂವರೆಗೆ ಮಲಗಿ ಎಂಟರವರೆಗೂ ಎದ್ದಿರಲಿಲ್ಲ.

ಎದ್ದವನು ತಲೆ ಹಿಡಿದುಕೊಂಡು ಎದ್ದ. ರೂಮಿನಲ್ಲಿ ಇಬ್ಬರು ಮಲಗಿದ್ದರು, ಬಾಗಿಲು ಹಾಕಿತ್ತು, ಕಿಟಕಿ ಎರಡು ಪದರ ಮುಚ್ಚಿತ್ತು. ಉಸಿರುಗಟ್ಟಿದ ಗಾಳಿ, ಬೆವರು, ತಲೆನೋವು. ಫ್ಯಾನು ಅದೇ ಗಾಳಿಯನ್ನೇ ಸುತ್ತಿಸುತ್ತಿತ್ತು. ಮೂರನೆಯ ದಿನಕ್ಕೆ ನಡುರಾತ್ರಿ ಎದ್ದು ಕಿಟಕಿ ತೆರೆಯುವ ಪರಿಸ್ಥಿತಿ ಬಂತು. ತೆರೆದ ಕಿಟಕಿ 10–15 ಡೆಸಿಬಲ್ ಮಾತ್ರ ಕಮ್ಮಿ ಮಾಡುತ್ತದೆ. ಅಷ್ಟು ಖರ್ಚು ಮಾಡಿ ಕೂರಿಸಿದ ಗಾಜು ಗೋಡೆಗೆ ಆನಿಸಿಟ್ಟ ಕನ್ನಡಿಯಾಯಿತು.

ಬ್ಯಾಡರಹಳ್ಳಿ, ಅಂಜನಾನಗರ, ಹೇರೋಹಳ್ಳಿ, ಸುಂಕದಕಟ್ಟೆಯ ಮನೆಗಳನ್ನು ಕಂಡವರಿಗೆ ಇದು ಯಾಕೆ ಹೀಗೆ ಎಂದು ಗೊತ್ತು. ಇಪ್ಪತ್ತು–ಮೂವತ್ತು, ಮೂವತ್ತು–ನಲವತ್ತರ ಸೈಟು. ಪಕ್ಕದ ಮನೆಗೂ ನಮಗೂ ನಡುವೆ ಕೈ ತೂರುವಷ್ಟು ಜಾಗ. ಆ ಕಡೆ ಕಿಟಕಿ ಇದ್ದರೂ ಬರುವುದು ಪಕ್ಕದವರ ಅಡುಗೆಮನೆಯ ಒಗ್ಗರಣೆ. ಗಾಳಿ ಬೆಳಕು ಬರುವುದು ರಸ್ತೆ ಕಡೆಯ ಒಂದೇ ಕಿಟಕಿಯಿಂದ. ಸದ್ದು ಬರುವುದೂ ಅದರಿಂದಲೇ. ಊರಿನ ಮನೆಗಳಲ್ಲಿ ಕಿಟಕಿ ಚಿಕ್ಕದಿದ್ದರೂ ಬೆಳಕಿಂಡಿ ಇತ್ತು, ಹಿತ್ತಲ ಬಾಗಿಲಿತ್ತು. ಇಲ್ಲಿ ಗಾಳಿ ಬೇಕೋ ನಿದ್ದೆ ಬೇಕೋ ಎಂದು ದಿನಾ ರಾತ್ರಿ ಆರಿಸಿಕೊಳ್ಳಬೇಕು.

ಎ.ಸಿ. ಇರುವವರಿಗೆ ಈ ತಲೆನೋವು ಅರ್ಧಕ್ಕರ್ಧ ಕಮ್ಮಿ. ಎರಡನೇ ಗಾಜು ಹಾಕಿಸಿ, ಎ.ಸಿ. ಹಾಕಿ, ಬೇಕಾದಾಗ ಹಿಂದಿನ ಬಾಗಿಲು ತೆರೆದರೆ ಆಯಿತು. ಬಾಡಿಗೆಗಿರುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಆಟೊ ಓಡಿಸುವವರು, ರಾತ್ರಿ ಪಾಳಿಯ ಸೆಕ್ಯುರಿಟಿ ಗಾರ್ಡುಗಳು, ಪರೀಕ್ಷೆಗೆ ಓದುವ ಮಕ್ಕಳು, ಇವರಿಗೆ ನಿದ್ದೆ ಹೆಚ್ಚು ಬೇಕು. ಗಾಜು ಹಾಕಿಸುವ ಹಕ್ಕೂ ಇಲ್ಲ, ದುಡ್ಡೂ ಇಲ್ಲ. ಹಾಕಿಸಿದರೂ ಉಸಿರಾಡಲು ಜಾಗ ಇಲ್ಲ.

ಸೆಕೆಯ ಮಾತು ಬೇರೆ

ಮಾರುವವರು ಸದ್ದಿನ ಜೊತೆಗೆ ಸೆಕೆಯನ್ನೂ ಸೇರಿಸಿ ಮಾರುತ್ತಾರೆ. ಇದನ್ನು ಬಿಡಿಸಿ ನೋಡಬೇಕು. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿತು. ಅಂಥ ದಿನ ಎಲ್ಲರಿಗೂ ಎರಡನೇ ಗಾಜು ಬೇಕು ಎನ್ನಿಸುತ್ತದೆ. ಆದರೆ ಸೆಕೆ ಕಿಟಕಿಯಿಂದ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಹೊರಗಿನ ಬಿಸಿ ಗಾಳಿ ಗಾಜನ್ನು ಕಾಯಿಸಿ ಒಳಗೆ ದಾಟುವುದು. ಇನ್ನೊಂದು, ಬಿಸಿಲೇ ನೇರವಾಗಿ ಗಾಜಿನ ಮೂಲಕ ಒಳಗೆ ಬೀಳುವುದು.

ಲೆಕ್ಕ ಹಾಕಿ ನೋಡಿ. ಹೊರಗೆ 36 ಡಿಗ್ರಿ, ಒಳಗೆ 30 ಇದೆ ಎನ್ನಿ. ಒಂಟಿ ಗಾಜಿನ ಪ್ರತಿ ಚದರ ಮೀಟರಿನಿಂದ ಸುಮಾರು 34 ವ್ಯಾಟ್ ಶಾಖ ದಾಟುತ್ತದೆ. ಎರಡನೇ ಗಾಜು ಅದನ್ನು ಅರ್ಧ ಮಾಡುತ್ತದೆ. ಉಳಿತಾಯ 17 ವ್ಯಾಟ್. ಅದೇ ಕಿಟಕಿ ಪಶ್ಚಿಮಕ್ಕಿದ್ದು, ಸಂಜೆಯ ಬಿಸಿಲು ಚದರ ಮೀಟರಿಗೆ 500 ವ್ಯಾಟ್ ಬಡಿದರೆ, ಒಂಟಿ ಗಾಜಿನಿಂದ ಸುಮಾರು 400 ವ್ಯಾಟ್ ಒಳಗೆ ಬರುತ್ತದೆ. ಎರಡನೇ ಬಿಳಿ ಗಾಜು ಹಾಕಿದರೂ 350ರ ಮೇಲೆಯೇ. ಅಂದರೆ ಬಿಸಿಲು ಹೆಚ್ಚುಕಮ್ಮಿ ಹಾಗೇ ಬರುತ್ತದೆ. ಅದನ್ನು ತಡೆಯುವುದು ಸಜ್ಜಾ, ಬಿದಿರಿನ ಚಿಕ್ಕು, ಹೊರಗೆ ಇಳಿಬಿಟ್ಟ ಹಸಿರು ನೆಟ್ಟು, ಒಂದು ಹೊಂಗೆ ಮರ. ಗಾಜಿನ ಹೊರಗೇ ಬಿಸಿಲನ್ನು ನಿಲ್ಲಿಸಬೇಕು.

ಲಂಡನ್ನಿನಲ್ಲಿ ಹೊರಗೆ ಎರಡು ಡಿಗ್ರಿ, ಒಳಗೆ ಇಪ್ಪತ್ತು ಇರುವಾಗ ಎರಡನೇ ಗಾಜು ಹೀಟರ್ ಬಿಲ್ಲನ್ನು ಇಳಿಸುತ್ತದೆ. ಬೆಂಗಳೂರಿನ ಜನವರಿಯಲ್ಲೂ ರಾತ್ರಿ 15ರ ಆಸುಪಾಸು ಇರುತ್ತದೆ, ಒಂದು ರಗ್ಗು ಸಾಕು. ಕೇಂದ್ರ ಸರ್ಕಾರ 2018ರಲ್ಲಿ ತಂದ ಇಕೊ ನಿವಾಸ ಸಂಹಿತೆಯೂ ಬೆಂಗಳೂರಿನಂಥ ಸಮಶೀತೋಷ್ಣ ವಲಯದಲ್ಲಿ ಮನೆಯ ನೆಲದ ವಿಸ್ತೀರ್ಣದ ಕನಿಷ್ಠ ಶೇ 12.5ರಷ್ಟು ತೆರೆಯುವ ಕಿಟಕಿ ಇರಬೇಕು ಎನ್ನುತ್ತದೆ. ಅದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳ ಮಾತು, ನಮ್ಮ ಮೂವತ್ತು–ನಲವತ್ತರ ಮಾತಲ್ಲ. ಆದರೂ ಅದರ ಹಿಂದಿನ ತಿಳಿವಳಿಕೆ ನಮಗೂ ಅನ್ವಯಿಸುತ್ತದೆ: ಈ ಊರಿನಲ್ಲಿ ಕಿಟಕಿ ಇರುವುದು ತೆರೆಯುವುದಕ್ಕೆ. ಹಾಗಾಗಿ ಸೆಕೆಗೆಂದು ಎರಡನೇ ಗಾಜು ಹಾಕಿಸಬೇಡಿ. ಹಾಕಿಸುವುದಾದರೆ ಸದ್ದಿಗೆಂದು ಹಾಕಿಸಿ.

ಕಾನೂನು ಏನನ್ನುತ್ತದೆ

ಕೇಂದ್ರದ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರು. ಕೆಳಗೆ ಅಂಗಡಿ, ಮೇಲೆ ಮನೆ ಇರುವ ನಮ್ಮಂಥ ಕಟ್ಟಡ ಯಾವ ಲೆಕ್ಕಕ್ಕೆ ಸೇರುತ್ತದೆ ಎಂದು ಕೇಳಿದರೆ ಪ್ರತಿಯೊಬ್ಬರೂ ಒಂದೊಂದು ಉತ್ತರ ಕೊಡುತ್ತಾರೆ. ಮೊಬೈಲ್ ಆ್ಯಪ್ ಹಿಡಿದು ನಾವೂ ಅಳೆದೆವು. ಆ್ಯಪ್ ಲೆಕ್ಕ ಪಕ್ಕಾ ಅಲ್ಲ, ಗೊತ್ತು. ಆದರೆ ಒಂದು ರಾತ್ರಿಯೂ ಅದು 45ರ ಹತ್ತಿರ ಸುಳಿಯಲಿಲ್ಲ. ಡೆಸಿಬಲ್‌ನಲ್ಲಿ ಹತ್ತು ಹೆಚ್ಚಾಯಿತು ಎಂದರೆ ಸದ್ದಿನ ಶಕ್ತಿ ಹತ್ತು ಪಟ್ಟಾಯಿತು, ಕಿವಿಗೆ ಎರಡು ಪಟ್ಟು ಕೇಳಿಸಿತು ಎಂದರ್ಥ.

2010ರ ತಿದ್ದುಪಡಿ ಇನ್ನೂ ಸ್ಪಷ್ಟವಾಗಿದೆ. ವಸತಿ ಪ್ರದೇಶದಲ್ಲಿ ರಾತ್ರಿ ಹೊತ್ತು ಹಾರನ್ ಹೊಡೆಯುವಂತಿಲ್ಲ, ಸದ್ದು ಮಾಡುವ ಕಟ್ಟಡ ಯಂತ್ರಗಳನ್ನು ಓಡಿಸುವಂತಿಲ್ಲ. ನೆಮ್ಮದಿಯಾಗಿ, ಸದ್ದಿನ ಹಿಂಸೆಯಿಲ್ಲದೆ ಬದುಕುವುದು ಸಂವಿಧಾನದ 21ನೇ ವಿಧಿಯ ಹಕ್ಕಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2005ರ ಜುಲೈನಲ್ಲಿ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆಂದು ಕೊಟ್ಟ ಮಾರ್ಗಸೂಚಿಯಲ್ಲೂ ರಾತ್ರಿಯ ರಸ್ತೆ ಸದ್ದು 45 ಡೆಸಿಬಲ್ ದಾಟಬಾರದು, ದಾಟಿದರೆ ನಿದ್ದೆ ಕೆಡುತ್ತದೆ ಎಂದಿದೆ. ಹಗಲಿರುಳಿನ ರಸ್ತೆ ಸದ್ದು ಹೃದಯದ ಕಾಯಿಲೆಗೂ ಕಾರಣವಾಗುತ್ತದೆ ಎನ್ನುವುದನ್ನೂ ಅದು ಎತ್ತಿ ಹೇಳಿದೆ. ನಮ್ಮ ಯಜಮಾನಮ್ಮನ ಮನೆಯವರಿಗೆ ಬಿ.ಪಿ. ಇದೆ. ಅದು ರಸ್ತೆಯಿಂದಲೇ ಬಂತು ಎಂದು ನಾವು ಹೇಳಲಾರೆವು. ಆದರೆ ರಾತ್ರಿ ಎರಡಕ್ಕೆ ಅವರು ಜಗಲಿಯಲ್ಲಿ ಕೂತಿರುವುದನ್ನು ರಾತ್ರಿ ಪಾಳಿ ಮುಗಿಸಿ ಬರುವವನು ಎಷ್ಟೋ ಸಲ ನೋಡಿದ್ದಾನೆ.

ಮೆಟ್ರೊ ಬರುವ ಮುನ್ನ

ಈಗ ವಿಷಯಕ್ಕೆ ಬರುತ್ತೇವೆ. ನಮ್ಮ ಮೆಟ್ರೊದ ಮೂರನೇ ಹಂತಕ್ಕೆ ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. 44.65 ಕಿಲೊಮೀಟರ್, 15,611 ಕೋಟಿ ರೂಪಾಯಿ. 2025ರ ಆಗಸ್ಟ್ 10ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಅದರ ಎರಡನೇ ಮಾರ್ಗ ಹೊಸಹಳ್ಳಿಯಿಂದ ಕಡಬಗೆರೆವರೆಗೆ 12.5 ಕಿಲೊಮೀಟರ್, ಪೂರ್ತಿ ಮಾಗಡಿ ರಸ್ತೆಯ ಮೇಲೆ, ಎತ್ತರಿಸಿದ ಹಾದಿ. ಬ್ಯಾಡರಹಳ್ಳಿಗೂ ಒಂದು ನಿಲ್ದಾಣ ಇದೆ. ಮೆಟ್ರೊ ಕೆಳಗೆ ವಾಹನಗಳಿಗೆ ಇನ್ನೊಂದು ಮೇಲ್ಸೇತುವೆ ಸೇರಿಸಿ ಡಬಲ್ ಡೆಕ್ಕರ್ ಮಾಡುವ ಮಾತೂ ನಡೆದಿದೆ.

ನಮಗೆ ಮೆಟ್ರೊ ಬೇಕು. ಮೆಜೆಸ್ಟಿಕ್ಕಿಗೆ ಹೋಗಲು ಸುಮನಹಳ್ಳಿ ಜಂಕ್ಷನ್ನಿನಲ್ಲಿ ಕಳೆದ ಗಂಟೆಗಳನ್ನು ಕೂಡಿಸಿದರೆ ನಾವು ಒಂದೊಂದು ಪುಸ್ತಕ ಬರೆಯಬಹುದಿತ್ತು. ರಸ್ತೆಯ ಮೇಲಿನ ಬಸ್ಸು, ಬೈಕು ಕಮ್ಮಿಯಾದರೆ ಸದ್ದೂ ಕಮ್ಮಿಯಾದೀತು. ಆದರೆ ಅಲ್ಲಿಗೆ ತಲುಪುವ ಮೊದಲು ವರ್ಷಗಟ್ಟಲೆ ಪೈಲಿಂಗ್, ಕಾಂಕ್ರೀಟ್ ಲಾರಿ, ಕ್ರೇನು. ಹಗಲು ಟ್ರಾಫಿಕ್ ಇರುವುದರಿಂದ ಇಂಥ ಕೆಲಸದ ಒಂದು ಪಾಲು ರಾತ್ರಿಯೇ ನಡೆಯುತ್ತದೆ ಎನ್ನುವುದು ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತು. ಆಮೇಲೆ ರೈಲು ಓಡುವಾಗ ಅದರ ಸದ್ದು ಹುಟ್ಟುವುದು ನೆಲದಲ್ಲಲ್ಲ, ಎರಡನೇ ಮೂರನೇ ಮಹಡಿಯ ಕಿಟಕಿಯ ಎತ್ತರದಲ್ಲಿ. ಇಷ್ಟು ದಿನ ಮೇಲಿನ ಮಹಡಿಯವರಿಗೆ ಅಷ್ಟಿಷ್ಟು ದೂರದ ಅನುಕೂಲ ಇತ್ತು. ಅದೂ ಹೋಗುತ್ತದೆ. ಹಳಿಯ ಪಕ್ಕದ ತಡೆಗೋಡೆ ಕೆಳಗಿನವರನ್ನು ಕಾಯುತ್ತದೆ. ಅದಕ್ಕಿಂತ ಎತ್ತರದ ಮನೆಗಳಿಗೆ ಅದು ಇದ್ದೂ ಇಲ್ಲದಂತೆ.

ಮೆಟ್ರೊಗೆ ಜಾಗ ಹೋದವರಿಗೆ ಪರಿಹಾರ ಇದೆ. ನಿದ್ದೆ ಹೋದವರಿಗೆ ಇಲ್ಲ. ಬೇರೆ ಕಡೆ ಇದೆ. ಬ್ರಿಟನ್ನಿನಲ್ಲಿ 1973ರ ಭೂ ಪರಿಹಾರ ಕಾಯ್ದೆಯ ಅಡಿಯಲ್ಲಿ 1975ರಲ್ಲಿ ಸದ್ದು ನಿರೋಧ ನಿಯಮಗಳು ಬಂದವು. ಹೊಸ ರಸ್ತೆಯಿಂದ 300 ಮೀಟರಿನೊಳಗಿನ ಮನೆಯೆದುರಿನ ಸದ್ದು ಹಿಂದಿಗಿಂತ ಏರಿ 68 ಡೆಸಿಬಲ್ ಮುಟ್ಟಿದರೆ, ಆ ಮನೆಯ ನಡುಮನೆ, ಮಲಗುವ ಕೋಣೆಗಳ ಕಿಟಕಿಗೆ ಎರಡನೇ ಗಾಜು ಹಾಕಿಸಿಕೊಡುವುದು ರಸ್ತೆ ಮಾಡಿದವರ ಹೊಣೆ. 1996ರಲ್ಲಿ ರೈಲು, ಟ್ರಾಮ್ ಹಾದಿಗಳಿಗೂ ಅಂಥದೇ ನಿಯಮ ಬಂತು: ಹಗಲು 68, ರಾತ್ರಿ 63.

ಆ ನಿಯಮದಲ್ಲಿ ನಮ್ಮ ಗಮನ ಸೆಳೆದದ್ದು ಇನ್ನೊಂದು. ಅವರು ಬರೀ ಗಾಜು ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ಗಾಜಿನ ಜೊತೆ, ಕಿಟಕಿ ಮುಚ್ಚಿದಾಗಲೂ ಗಾಳಿ ಬರಲೆಂದು ಸದ್ದು ಹೀರುವ ವೆಂಟಿಲೇಟರನ್ನೂ, ಬಿಸಿಲಿಗೆ ಪರದೆಯನ್ನೂ ಸೇರಿಸಿದ್ದಾರೆ. ನಾವು ಮೂರು ರಾತ್ರಿ ಬೆವೆತು ಕಲಿತದ್ದನ್ನು ಅವರು ಅರ್ಧ ಶತಮಾನದ ಹಿಂದೆ ಕಾನೂನಿನಲ್ಲೇ ಬರೆದಿಟ್ಟಿದ್ದರು.

ಹಾಗಾಗಿ ನಮ್ಮ ಕೇಳಿಕೆ ಇಷ್ಟು. ಮೊದಲನೆಯದು, ಮಾಗಡಿ ರಸ್ತೆಯ ಎರಡೂ ಬದಿಯ ಮನೆಗಳ ಮುಂದೆ, ನೆಲದಲ್ಲೂ ಮೇಲಿನ ಮಹಡಿಯಲ್ಲೂ, ಈಗಿನ ಹಗಲು ರಾತ್ರಿಯ ಸದ್ದನ್ನು ಅಳೆದು ಬಹಿರಂಗವಾಗಿ ಪ್ರಕಟಿಸಬೇಕು. ಇವತ್ತಿನ ಲೆಕ್ಕ ಇಲ್ಲದೆ ನಾಳೆ ಎಷ್ಟು ಏರಿತು ಎಂದು ಯಾರೂ ವಾದಿಸಲಾರರು. ಎರಡನೆಯದು, ರಾತ್ರಿ ಕೆಲಸ ಯಾವ ದಿನ, ಎಲ್ಲಿ, ಎಷ್ಟು ಹೊತ್ತು ಎಂದು ಮೊದಲೇ ತಿಳಿಸಬೇಕು. ಮೂರನೆಯದು, ತಡೆಗೋಡೆ ಹಾಕಿಯೂ ಸದ್ದು ಮಿತಿ ದಾಟುವ ಮನೆಗಳಿಗೆ ಎರಡನೇ ಗಾಜು, ಗಾಳಿಯ ವ್ಯವಸ್ಥೆ ಎರಡನ್ನೂ ಯೋಜನೆಯ ಖರ್ಚಿನಲ್ಲೇ ಮಾಡಿಕೊಡಬೇಕು. ಅರ್ಜಿ ಹಾಕುವ ಅವಕಾಶ ಮಾಲೀಕರಿಗೆ ಮಾತ್ರ ಇರಬಾರದು, ಬಾಡಿಗೆಗಿರುವವರಿಗೂ ಬೇಕು. ಸಾವಿರಾರು ಕೋಟಿಯ ಯೋಜನೆಯಲ್ಲಿ ರಸ್ತೆಯಂಚಿನ ಮನೆಗಳ ಮಲಗುವ ಕೋಣೆಯ ಕಿಟಕಿ ದೊಡ್ಡ ಬಾಬತ್ತಾಗಲಾರದು.

ಇದಕ್ಕೆ ಎದುರು ಮಾತೂ ಇದೆ, ನಮ್ಮ ನಡುವೆಯೇ ಒಬ್ಬಳು ಎತ್ತಿದಳು. "ಎಲ್ಲರಿಗೂ ಗಾಜು ಹಾಕಿಕೊಟ್ಟರೆ ರಸ್ತೆಯ ಸದ್ದನ್ನು ಯಾರು ಕೇಳ್ತಾರೆ? ಗಾಜಿನೊಳಗೆ ಇರೋರು ಸುಮ್ಮನಾಗ್ತಾರೆ. ಫುಟ್‌ಪಾತಿನಲ್ಲಿ ಹೂ ಕಟ್ಟೋ ಅಜ್ಜಿಗೆ ಯಾವ ಗಾಜು ಹಾಕ್ತೀರಿ?" ನಿಜ. ಅದಕ್ಕೇ ಸದ್ದನ್ನು ಮೊದಲು ಹುಟ್ಟುವಲ್ಲಿ ತಗ್ಗಿಸಬೇಕು, ಆಮೇಲೆ ಹಾದಿಯಲ್ಲಿ, ಕೊನೆಗೆ ಮನೆಯಲ್ಲಿ. ಅನಗತ್ಯ ಹಾರನ್ನಿಗೆ ಮೊದಲ ಸಲ 1,000, ಮತ್ತೆ ಸಿಕ್ಕರೆ 2,000 ರೂಪಾಯಿ ದಂಡ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಅದು ಜಾರಿಯಾಗಬೇಕು. ಗುಂಡಿ ಮುಚ್ಚಿದರೆ ಖಾಲಿ ಲಾರಿಯ ಬಾಡಿ ಧಡಧಡ ಬಡಿಯುವುದು ಕಮ್ಮಿಯಾಗುತ್ತದೆ; ಅದಕ್ಕೆ ಗಾಜೂ ಬೇಕಿಲ್ಲ, ಕಾನೂನೂ ಬೇಕಿಲ್ಲ. ಗಾಜು ಕೊನೆಯ ಮೆಟ್ಟಿಲು. ಆದರೆ ಮೊದಲ ಮೆಟ್ಟಿಲುಗಳನ್ನು ಕಟ್ಟುವವರೆಗೆ ಕೊನೆಯದನ್ನು ಕೊಡುವುದಿಲ್ಲ ಎನ್ನುವುದೂ ನ್ಯಾಯ ಅಲ್ಲ.

ಅಲ್ಲಿಯವರೆಗೆ

ಮನೆ ಕಟ್ಟಿಸುತ್ತಿರುವವರಿಗೆ ಒಂದು ಮಾತು. ರಸ್ತೆ ಕಡೆಯ ಗೋಡೆಯನ್ನಾದರೂ ಒಂಬತ್ತಿಂಚು ಮಾಡಿ, ಚೌಕಟ್ಟನ್ನು ಹೊರಗೆ ಸರಿಸಿ, ಒಳಗೆ ನಾಲ್ಕಿಂಚು ಬಿಡಿ. ಮಲಗುವ ಕೋಣೆಯನ್ನು ಹಿಂದಕ್ಕೆ ಹಾಕಿ, ಮುಂದೆ ಹಾಲ್ ಇರಲಿ. ಸಜ್ಜಾವನ್ನು ಒಂದಡಿಗೆ ನಿಲ್ಲಿಸದೆ ಎರಡಡಿ ಚಾಚಿ. ಬಾಡಿಗೆಗಿರುವವರು ಗೋಡೆ ಮುಟ್ಟದೆ ಮಾಡಬಹುದಾದದ್ದೂ ಇದೆ. ರಬ್ಬರ್ ಬೀಡಿಂಗ್‌ಗೆ ಹೆಚ್ಚು ಖರ್ಚಿಲ್ಲ, ಅದನ್ನು ಮೊದಲು ಅಂಟಿಸಿ. ಎಷ್ಟೋ ಸಲ ಅದೊಂದರಿಂದಲೇ ಹಾರನ್ನಿನ ಮೊನೆ ಮೊಂಡಾಗುತ್ತದೆ. ಅದೂ ಸಾಲದಿದ್ದರೆ ಕಟ್ಟೆಯ ಒಳ ಅಂಚಿಗೆ ಅಯಸ್ಕಾಂತದ ಪಟ್ಟಿಯಿಂದ ಕೂರುವ ದಪ್ಪ ಅಕ್ರಿಲಿಕ್ ಹಾಳೆ ಮಾಡಿಸಿ. ಮನೆ ಬಿಡುವಾಗ ಕಿತ್ತು ಒಯ್ಯಬಹುದು, ಬೆಂಕಿ ಗಿಂಕಿ ಎಂದರೆ ಒಂದೇ ಎಳೆತಕ್ಕೆ ಬರುತ್ತದೆ. ಆದರೆ ಹಿಂದಿನ ಕಡೆ ಗಾಳಿಗೆ ದಾರಿ ಇಲ್ಲದಿದ್ದರೆ ಯಾವುದನ್ನೂ ಪೂರ್ತಿ ಮುಚ್ಚಬೇಡಿ.

ನಮ್ಮ ಕಿಟಕಿಯ ಕತೆ ಹೀಗೆ ಮುಗಿಯಿತು. ಯಜಮಾನಮ್ಮನನ್ನು ಮತ್ತೆ ಕೇಳಿ ಅಡುಗೆಮನೆಯ ಹಿಂದಿನ ಗೋಡೆಯಲ್ಲಿ ಒಂದು ಎಕ್ಸಾಸ್ಟ್ ಫ್ಯಾನು ಹಾಕಿಸಿದೆವು. ಮಲಗುವ ಕೋಣೆಯ ಬಾಗಿಲು ತೆರೆದಿಟ್ಟು, ಹಿಂದಿನ ಮೆಟ್ಟಿಲ ಕಡೆಯ ಕಿಟಕಿಯಿಂದ ಗಾಳಿ ಎಳೆದುಕೊಳ್ಳುವಂತೆ ಮಾಡಿದೆವು. ಎರಡನೇ ಗಾಜು ಈಗ ರಾತ್ರಿ ಮುಚ್ಚಿರುತ್ತದೆ, ಹಗಲು ತೆರೆದಿರುತ್ತದೆ. ಪೂರ್ತಿ ನಿಶ್ಶಬ್ದ ಆಗಿಲ್ಲ. ರಾತ್ರಿ ಪಾಳಿಯವನು ನಾಲ್ಕು ಗಂಟೆ ಒಂದೇ ಸಮ ಮಲಗುತ್ತಾನೆ.

ಮೊನ್ನೆ ಯಜಮಾನಮ್ಮ ಮೇಲೆ ಬಂದವರು ಗಾಜನ್ನು ಮುಚ್ಚಿ, ತೆರೆದು, ಮತ್ತೆ ಮುಚ್ಚಿ ಕಿವಿಗೊಟ್ಟರು. "ನಮ್ಮೆಜಮಾನ್ರ ರೂಮಿಗೂ ಒಂದು ಹಾಕ್ಸಕಾಯ್ತದ? ಎಷ್ಟಾಯ್ತು ಇದ್ಕೆ?" ಎಂದು ಕೇಳಿದರು. ಲೆಕ್ಕ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೆಟ್ರೋದೋರು ಮನೆ ಅಳ್ಯಕ್ಕೆ ಬಂದ್ರೆ ಇದೂ ಕೇಳ್ಬೋದಾ?" ಅಂದರು. ಕೇಳಬಹುದು ಅಮ್ಮ, ಅಂದೆವು. ಒಬ್ಬರೇ ಕೇಳಿದರೆ ನಗುತ್ತಾರೆ. ಹೊಸಹಳ್ಳಿಯಿಂದ ಕಡಬಗೆರೆವರೆಗೆ ರಸ್ತೆಯಂಚಿನ ಮನೆಯವರೆಲ್ಲ ಒಟ್ಟಿಗೆ ಕೇಳಿದರೆ ಕಡತ ತೆರೆಯಲೇಬೇಕಾಗುತ್ತದೆ. ಮನವಿಯ ಕರಡನ್ನು ನಾವು ಬರೆಯಲು ಕೂತಿದ್ದೇವೆ. ಮಾಗಡಿ ರಸ್ತೆಯವರು ಇದನ್ನು ಓದುತ್ತಿದ್ದರೆ, ನಿಮ್ಮ ಮನೆ ಎಷ್ಟನೇ ಮಹಡಿ, ಕಿಟಕಿ ಯಾವ ಕಡೆ, ರಾತ್ರಿ ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ ಎಂದು ಬರೆದು ಕಳಿಸಿ. ಕಂಬ ಎದ್ದ ಮೇಲೆ ಕೇಳುವುದು ಕಷ್ಟ.